ಅಪ್‌ಡೇಟ್: ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿತ್ತು

ಹೋದ ವಾರ ಕೇಳಿದ್ದೆನಲ್ಲ, ಟೈಮಿಂಗ್ ಚೈನ್ (ಪಿಸ್ಟನ್‌ಗೆ ಸೇರಿದ ಕ್ರ್ಯಾಂಕ್ ದಂಡದಿಂದ, ವಾಲ್ವ್ ತೆರೆಯೋ ಕ್ಯಾಮ್ ದಂಡವನ್ನು ತಿರುಗಿಸೋ ಚೈನ್) ಬದಲಿಸಿದ ಮೇಲೆ ಬೈಕ್ ಸ್ಟಾರ್ಟ್ ಆಗುತ್ತಿಲ್ಲ, ಕಿಕ್ ಹೊಡೆದರೆ ಕಾರ್ಬುರೇಟರ್‌ನಲ್ಲಿ ಪಟ್ ಅಂತ ಸದ್ದು ಬರುತ್ತೆ ಅಂತ. ಕಾರಣ ಸಿಕ್ಕಿತು. ಇಲ್ಲಿ ತೀರ್ಥಹಳ್ಳಿಯಲ್ಲಿ ಮಳೆ ಬಿಡೋವರೆಗೆ ಕಾದು, ಕೊಟ್ಟಿಗೆ ಪಕ್ಕ ಮತ್ತೆ ಬಿಚ್ಚಿದೆ. ಕ್ರ್ಯಾಂಕ್ ತುದಿಯ ಮ್ಯಾಗ್ನೆಟ್‌ನ ಟಿ ಗುರುತು (ಪಿಸ್ಟನ್ ತುತ್ತತುದಿಯಲ್ಲಿದೆ ಅಂತ ತೋರಿಸೋದು) ಸರಿಯಾಗೇ ಇತ್ತು, ಆದರೆ ಕ್ಯಾಮ್ ಸ್ಪ್ರಾಕೆಟ್‌ನ (ಚೈನ್ ಕೂರೋ ಹಲ್ಲಿನ ಚಕ್ರದ) ಗೆರೆ ಎಂಜಿನ್ ಹೆಡ್ ಅಂಚಿಗೆ ಸಮ ಇರಲಿಲ್ಲ. ಒಂದೇ ಒಂದು ಹಲ್ಲು ಆಚೆ! ಟೆನ್ಷನರ್ (ಚೈನ್ ಬಿಗಿಯಾಗಿಡೋ ಭಾಗ) ಇಲ್ಲದ ಕಡೆ ಚೈನ್ ಸಡಿಲ ಬಿಟ್ಟಿದ್ದೇ ತಪ್ಪು. ಈ ಸಲ ಆ ಕಡೆ ಬಿಗಿಯಾಗಿ ಎಳೆದು ಹಿಡಿದು ಕೂರಿಸಿದೆ. ಆಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿದೆ (ಕ್ಯಾಮ್ ಒಂದು ಸುತ್ತು ಬರೋಕೆ ಅಷ್ಟು ಬೇಕು), ಎರಡೂ ಗುರುತು ವಾಪಸ್ ಜಾಗಕ್ಕೆ ಬಂದವು. ಮೂರನೇ ಕಿಕ್‌ಗೆ ಸ್ಟಾರ್ಟ್. ಪುಣ್ಯಕ್ಕೆ ಪಿಸ್ಟನ್ ಬಡಿದು ವಾಲ್ವ್ ಬಾಗಿಲ್ಲ. ಅಪ್ಪ ಮಾತ್ರ ಉಳಿದ ಬೋಲ್ಟ್ ಹಿಡಿದು ಇದೆಲ್ಲಿಂದ ಬಂತು ಅಂತ ಕೇಳುತ್ತಲೇ ಇದ್ದಾರೆ.