ಹಿಮದ ಬೀದಿಯಲ್ಲಿ ಉಬ್ಬಿ ನಿಂತ ಹೆಜ್ಜೆಗುರುತುಗಳು: ಕಾರಣ ಬಲ್ಲವರು ತಿಳಿಸುವಿರಾ?

ಸಂಜೆನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಿಮ ಬೀಳುವ ನಗರದಲ್ಲಿ ಇದು ನನ್ನ ಎರಡನೆಯ ಚಳಿಗಾಲ. ಕಳೆದ ವರ್ಷ ಚಳಿಗೆ ಹೆದರಿ ಮನೆಯೊಳಗೇ ಉಳಿದಿದ್ದ ನಾನು ಈ ವರ್ಷ ಪ್ರತಿದಿನ ಸಂಜೆ ಸುಮಾರು 40 ನಿಮಿಷ ನಮ್ಮ ಬಡಾವಣೆಯ ಅವೇ ನಾಲ್ಕು ಬೀದಿಗಳಲ್ಲಿ ನಡೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ದಾರಿ ಬದಲಾಗದೆ ಇರುವುದರಿಂದಲೋ ಏನೋ, ದಾರಿಯಲ್ಲಿ ಆಗುವ ಸಣ್ಣಪುಟ್ಟ ಬದಲಾವಣೆಗಳು ಕಣ್ಣಿಗೆ ಬೀಳತೊಡಗಿವೆ. ಅವುಗಳಲ್ಲಿ ಕೆಲವಕ್ಕೆ ಕಾರಣ ಹೊಳೆಯದೆ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ಸದ್ದಿನ ವಿಚಾರ. ಹಿಮ ಬಿದ್ದ ಮೊದಲ ಸಂಜೆ ಬೀದಿಯೆಲ್ಲ ಹತ್ತಿ ಹೊದಿಸಿದಂತೆ ನಿಶ್ಶಬ್ದವಾಗಿರುತ್ತದೆ. ಆದರೆ ನಾಲ್ಕೈದು ದಿನ ಕಳೆದ ಮೇಲೆ, ನೆಲದ ಮೇಲೆ ಇನ್ನೂ ಅಷ್ಟೇ ಹಿಮವಿದ್ದರೂ ಎರಡು ಬೀದಿ ಆಚೆಗೆ ಹೋಗುವ ಬಸ್ಸಿನ ಸದ್ದು ಪಕ್ಕದಲ್ಲೇ ಹೋದಂತೆ ಕೇಳಿಸುತ್ತದೆ. ಇದರ ಜೊತೆಗೆ, ಅದೇ ಬೂಟು ಹಾಕಿಕೊಂಡು ಅದೇ ಕಾಲುದಾರಿಯಲ್ಲಿ ನಡೆದರೂ ಕೆಲವು ದಿನ ಹೆಜ್ಜೆಹೆಜ್ಜೆಗೂ ಕಿರ್ ಕಿರ್ ಎಂದು ಹಿಮ ಕೂಗುತ್ತದೆ, ಕೆಲವು ದಿನ ಸದ್ದೇ ಇರುವುದಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡಿದ್ದು. ಉದ್ಯಾನದ ಅಂಚಿನಲ್ಲಿ ವಾರದ ಹಿಂದೆ ಯಾರೋ ನಡೆದುಹೋದ ಹೆಜ್ಜೆಗುರುತುಗಳಿದ್ದವು. ಆಗ ಅವು ಎಲ್ಲ ಹೆಜ್ಜೆಗಳಂತೆ ತಗ್ಗುಗಳೇ ಆಗಿದ್ದವು. ಮೊನ್ನೆ ನೋಡಿದರೆ ಅವೇ ಗುರುತುಗಳು ಸುತ್ತಲಿನ ಹಿಮಕ್ಕಿಂತ ಎರಡು ಬೆರಳಿನಷ್ಟು ಮೇಲೆದ್ದು, ಸಣ್ಣ ಸಣ್ಣ ಪೀಠಗಳಂತೆ ಸಾಲಾಗಿ ನಿಂತಿವೆ. ಬೂಟಿನ ಅಡಿಯ ಗೆರೆಗಳು ಕೂಡ ಮೇಲ್ಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತಿವೆ. ತಗ್ಗು ಉಬ್ಬಾದದ್ದು ಹೇಗೆ?

ಕೊನೆಯದಾಗಿ, ಕಳೆದ ವಾರ ನಾನು ಜಾರಿಬಿದ್ದೆ. ಮೊಣಕೈಗೆ ಪೆಟ್ಟಾಯಿತು, ಮೂಳೆಗೆ ಏನೂ ಆಗಲಿಲ್ಲ. ನಾನು ಬಿದ್ದದ್ದು ದಪ್ಪ ಹಿಮದ ಮೇಲೆ ಅಲ್ಲವೆಂಬುದೇ ಆಶ್ಚರ್ಯ. ಗುದ್ದಲಿಯಿಂದ ಹಿಮ ತೆಗೆದು ಚೊಕ್ಕಟ ಮಾಡಿದ್ದ, ಬರಿಯ ಕಲ್ಲು ಕಾಣುತ್ತಿದ್ದ ಕಾಲುದಾರಿಯ ಮೇಲೆ. ಅಂಥ ಜಾಗಗಳನ್ನು ಮೊದಲೇ ಗುರುತಿಸುವುದು ಹೇಗೆಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ನಾದಬಿಂದು

ಸಂಜೆನಡಿಗೆಯವರೇ, ಸದ್ದಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ. ಹಿಮದ ಹರಳುಗಳು ಕೊಂಬೆಕೊಂಬೆಯಾಗಿ ಒಂದರ ಮೇಲೊಂದು ಸಡಿಲವಾಗಿ ಕುಳಿತಾಗ ನಡುವೆ ಲೆಕ್ಕವಿಲ್ಲದಷ್ಟು ಸಂದುಗಳು ಉಳಿಯುತ್ತವೆ. ಬೀದಿಯ ಸದ್ದು ಆ ಸಂದುಗಳೊಳಗೆ ಹೊಕ್ಕು, ಗಾಳಿಯು ಹರಳುಗಳ ಮೈಗೆ ಉಜ್ಜುವುದರಲ್ಲೇ ತನ್ನ ಶಕ್ತಿ ಕಳೆದುಕೊಂಡು ಅಲ್ಲೇ ಅಡಗುತ್ತದೆ. ಧ್ವನಿಮುದ್ರಣದ ಕೋಣೆಯ ಗೋಡೆಗೆ ಹಾಕುವ ಸ್ಪಂಜಿನ ಹಲಗೆಗಳ ಕೆಲಸವೂ ಇದೇ. ಆದರೆ ಹಗಲಿನ ಬಿಸಿಲಿಗೆ ಮೇಲ್ಪದರ ಅಷ್ಟಿಷ್ಟು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಹೀಗೆ ನಾಲ್ಕೈದು ದಿನ ನಡೆದರೆ ಸಂದುಗಳೆಲ್ಲ ಮುಚ್ಚಿ ಗಟ್ಟಿಯಾದ ಹೊರಪದರವೊಂದು ಉಂಟಾಗುತ್ತದೆ. ಆ ಪದರ ಸದ್ದನ್ನು ಹೀರುವ ಬದಲು ಗೋಡೆಯಂತೆ ಹಿಂದಕ್ಕೆ ಕಳುಹಿಸುತ್ತದೆ. ಬಸ್ಸಿನ ಸದ್ದು ನಿಮ್ಮ ಕಿವಿಯವರೆಗೆ ಬರುವುದು ಈ ಕಾರಣದಿಂದ. ಮೊದಲ ಸಂಜೆ ವಾಹನಗಳೂ ಕಡಿಮೆ, ಇದ್ದವೂ ನಿಧಾನವಾಗಿ ಹೋಗುತ್ತವೆ ಎಂಬುದನ್ನೂ ಮರೆಯಬಾರದು.

ಹೆಜ್ಜೆಯ ಸದ್ದು ಚಳಿಯ ಮಟ್ಟವನ್ನು ಅವಲಂಬಿಸಿದೆ. ತಾಪಮಾನ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಹಿಮದ ಕಣಗಳ ಮೈ ತುಸು ಒದ್ದೆಯಾಗಿರುತ್ತದೆ. ಕಾಲಿಟ್ಟರೆ ಅವು ಒಂದರ ಮೇಲೊಂದು ನುಣುಪಾಗಿ ಸರಿದು ಮೌನವಾಗಿ ಅದುಮಿಕೊಳ್ಳುತ್ತವೆ. ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದರೆ ಆ ಒದ್ದೆತನ ಬಹಳ ಕಡಿಮೆಯಾಗಿ ಕಣಗಳು ಉಜ್ಜಿಕೊಂಡು, ಅವುಗಳ ನಡುವಿನ ಬೆಸುಗೆಗಳು ಪಟಪಟನೆ ಮುರಿಯುತ್ತವೆ. ನಿಮಗೆ ಕೇಳಿಸುವ ಕಿರ್ ಕಿರ್ ಸದ್ದು ಅದೇ. ಹಲವು ವರ್ಷಗಳಿಂದ ನಾನು ಬಾಗಿಲಾಚೆ ಇಟ್ಟ ಮೊದಲ ಎರಡು ಹೆಜ್ಜೆಗಳ ಸದ್ದು ಕೇಳಿಯೇ ಇನ್ನೊಂದು ಪದರ ಬಟ್ಟೆ ಬೇಕೇ ಬೇಡವೇ ಎಂದು ನಿರ್ಧರಿಸುತ್ತಿದ್ದೇನೆ, ಅಂದಾಜು ತಪ್ಪಿದ್ದು ಬಹಳ ಕಡಿಮೆ.

ಇಬ್ಬನಿ

ಉಬ್ಬಿದ ಹೆಜ್ಜೆಗುರುತುಗಳ ಬಗ್ಗೆ ಪ್ರಶ್ನೆ ಬಂದದ್ದು ನೋಡಿ ಬಹಳ ಸಂತೋಷವಾಯಿತು. ಬಹುಪಾಲು ಜನ ಅವುಗಳ ಮೇಲೆಯೇ ನಡೆದುಹೋಗುತ್ತಾರೆ, ನೋಡುವುದಿಲ್ಲ.

ಹೆಜ್ಜೆಗುರುತು ಮೇಲೆ ಬಂದಿಲ್ಲ, ಸುತ್ತಲಿನ ಹಿಮ ಕೆಳಗೆ ಇಳಿದಿದೆ. ಕಾಲಿನ ಭಾರ ಬಿದ್ದ ಜಾಗದಲ್ಲಿ ಹಿಮದೊಳಗಿನ ಗಾಳಿ ಹೊರಹೋಗಿ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಹಾಗೆ ತಾಗಿಕೊಂಡ ಕಣಗಳು ಕರಗುವಷ್ಟು ಬಿಸಿ ಇಲ್ಲದಿದ್ದರೂ ತಾಗಿದ ಜಾಗದಲ್ಲಿ ಬೆಸೆದುಕೊಳ್ಳುತ್ತವೆ, ಒಂದೆರಡು ದಿನದಲ್ಲಿ ಆ ಗುರುತು ಗಟ್ಟಿಯಾದ ಬಿಲ್ಲೆಯಾಗುತ್ತದೆ. ಸುತ್ತಲಿನ ಸಡಿಲ ಹಿಮಕ್ಕೆ ಆ ಗಟ್ಟಿತನವಿಲ್ಲ. ಗಾಳಿ ಬೀಸಿದಾಗ ಅದು ಹಾರಿಹೋಗುತ್ತದೆ, ಬಿಸಿಲಿಗೆ ಬೇಗ ಕುಸಿಯುತ್ತದೆ. ಒಣಹವೆಯಿದ್ದರೆ ನೀರಾಗದೆಯೇ ನೇರವಾಗಿ ಆವಿಯಾಗುವುದೂ ಉಂಟು. ಒಗೆದ ಬಟ್ಟೆ ಹೊರಗೆ ಕಡ್ಡಿಯಂತೆ ಹೆಪ್ಪುಗಟ್ಟಿಯೂ ಕೊನೆಗೆ ಒಣಗುತ್ತದಲ್ಲವೇ, ಅದೇ ಕ್ರಿಯೆ ಇದು. ನೀವು ನೋಡಿದ ಸಾಲು ಗಾಳಿಗೆ ತೆರೆದ ಅಂಚಿನಲ್ಲಿತ್ತು ಎಂದು ಊಹಿಸುತ್ತೇನೆ. ಮರೆಯಲ್ಲಿರುವ ಗೋಡೆಯ ಬುಡದಲ್ಲಿ ಇಂಥವು ಅಪರೂಪ.

ನಿಮ್ಮ ದಾರಿಯಲ್ಲಿ ಮರಗಳಿದ್ದರೆ ಇನ್ನೊಂದನ್ನು ಬಗ್ಗಿ ನೋಡಿ. ಹಿಮದ ಮೇಲೆ ಬಿದ್ದ ಒಣ ಎಲೆ ಮೊದಲ ದಿನ ಮೇಲೆಯೇ ಇರುತ್ತದೆ. ಎರಡು ಮೂರು ಬಿಸಿಲಿನ ದಿನಗಳ ನಂತರ ಅದು ತನ್ನದೇ ಆಕಾರದ ಕುಳಿಯೊಂದರ ತಳ ಸೇರಿರುತ್ತದೆ. ತೊಟ್ಟಿನ ಗೀರು ಕೂಡ ಹಿಮದ ಗೋಡೆಯಲ್ಲಿ ಕೊರೆದಂತೆ ಕಾಣುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ರಿಂದ 90ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ, ಕಂದು ಎಲೆ ಬಹುಪಾಲನ್ನು ಹೀರಿಕೊಂಡು ಬೆಚ್ಚಗಾಗಿ ಅಡಿಯ ಹಿಮವನ್ನು ಕರಗಿಸುತ್ತದೆ. ಮರದ ಕಾಂಡದ ಸುತ್ತ ಹಿಮವಿಲ್ಲದ ಬಳೆಯೊಂದು ಮೂಡುವುದಕ್ಕೂ ಕಪ್ಪು ತೊಗಟೆ ಹೀರಿದ ಬಿಸಿಲೇ ಬಹುಮಟ್ಟಿಗೆ ಕಾರಣ. ಒಳಚರಂಡಿಯ ಕಬ್ಬಿಣದ ಮುಚ್ಚಳಗಳು ರಾತ್ರಿಯಲ್ಲೂ ಬತ್ತಲೆಯಾಗಿರುವುದಕ್ಕೆ ಮಾತ್ರ ಬಿಸಿಲು ಕಾರಣವಲ್ಲ, ಅಡಿಯಲ್ಲಿ ಹರಿಯುವ ನೀರಿನ ಬಿಸುಪು ಕಾರಣ.

ಚಾವಣಿಗಳನ್ನೂ ನೋಡಬಹುದು. ಬೇರೆಲ್ಲ ಮನೆಗಳ ಮೇಲೆ ಹಿಮವಿದ್ದು ಒಂದರ ಮೇಲೆ ಮಾತ್ರ ಇಲ್ಲದಿದ್ದರೆ ಆ ಮನೆಯ ಬಿಸಿ ಮೇಲಿನಿಂದ ಸೋರಿಹೋಗುತ್ತಿದೆ ಎಂದು ತಿಳಿಯಬಹುದು.

ಹಳೆಯ ಬೂಟು

ಇಬ್ಬನಿಯವರ ಉತ್ತರದ ಕೊನೆಯ ಸಾಲಿಗೆ ಸಣ್ಣ ತಿದ್ದುಪಡಿ ಸೂಚಿಸುತ್ತೇನೆ. ಚಾವಣಿಯ ಇಳಿಜಾರು, ಅದು ಮುಖ ಮಾಡಿದ ದಿಕ್ಕು, ಗಾಳಿಯ ಹೊಡೆತ ಇವುಗಳಿಂದಲೂ ಹಿಮ ಬೇಗ ಖಾಲಿಯಾಗುತ್ತದೆ. ಒಂದೇ ದಿಕ್ಕಿಗೆ ಮುಖ ಮಾಡಿದ, ಒಂದೇ ಬಗೆಯ ಮನೆಗಳನ್ನು ಹೋಲಿಸಿದರೆ ಮಾತ್ರ ಆ ತೀರ್ಮಾನ ನಿಲ್ಲುತ್ತದೆ. ಸೂರಿನಿಂದ ಇಳಿಬಿದ್ದ ದಪ್ಪ ಹಿಮಗೋಲುಗಳು ಇನ್ನೂ ಒಳ್ಳೆಯ ಸುಳಿವು: ಮೇಲೆ ಮನೆಯ ಬಿಸಿಗೆ ಕರಗಿದ ನೀರು ತಣ್ಣಗಿನ ಅಂಚಿಗೆ ಬಂದು ಹೆಪ್ಪುಗಟ್ಟಿದಾಗ ಅವು ಬೆಳೆಯುತ್ತವೆ. ಅವುಗಳ ಅಡಿಯಲ್ಲಿ ಮಾತ್ರ ಯಾರೂ ನಡೆಯಬೇಡಿ.

ಈಗ ಜಾರಿದ ವಿಚಾರ. ಗುಡಿಸಿದ ಕಾಲುದಾರಿಯ ಅಂಚಿನಲ್ಲಿ ಹಿಮದ ಗುಡ್ಡೆ ಇತ್ತಲ್ಲವೇ? ಮಧ್ಯಾಹ್ನದ ಬಿಸಿಲಿಗೆ ಆ ಗುಡ್ಡೆ ಕರಗಿ, ನೀರು ತೆಳುವಾಗಿ ಕಲ್ಲಿನ ಮೇಲೆ ಹರಿದು, ಸೂರ್ಯ ಇಳಿಯುತ್ತಲೇ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಇದನ್ನೇ ಬ್ಲ್ಯಾಕ್ ಐಸ್ ಎನ್ನುವುದು. ಅದು ಕಪ್ಪಲ್ಲ, ಗಾಳಿಗುಳ್ಳೆಗಳಿಲ್ಲದ ಪಾರದರ್ಶಕ ಪದರವಾದ್ದರಿಂದ ಅಡಿಯ ನೆಲದ ಬಣ್ಣವೇ ಕಾಣುತ್ತದೆ. ಸಂಜೆ ಹೊರಡುವ ನಿಮಗೆ ಅದು ಸಿಗುವ ಹೊತ್ತೂ ಅದೇ. ಬೀದಿದೀಪದ ಎದುರು ನಿಂತು ನೆಲವನ್ನು ಓರೆಯಾಗಿ ನೋಡಿದರೆ ಒಣ ಕಲ್ಲು ಮಂಕಾಗಿಯೂ ಹೆಪ್ಪುಗಟ್ಟಿದ ಜಾಗ ಹೊಳೆಯುತ್ತಲೂ ಕಾಣುತ್ತದೆ. ಹೊಳೆಯುವ ಜಾಗ ಒದ್ದೆಯೋ ಐಸೋ ಎಂಬ ಸಂದೇಹ ಬಂದರೆ ಐಸ್ ಎಂದೇ ಭಾವಿಸಿ.

ಹೆಜ್ಜೆ ಚಿಕ್ಕದಾಗಿರಲಿ. ಹಿಮ್ಮಡಿಯನ್ನು ಮೊದಲು ಊರದೆ ಇಡೀ ಅಂಗಾಲನ್ನು ಒಟ್ಟಿಗೆ ಇಟ್ಟು, ಮೈಭಾರವನ್ನು ಮುಂದಿನ ಕಾಲಿನ ನೇರಕ್ಕೆ ತಂದು, ಆಮೇಲೆ ಹಿಂದಿನ ಕಾಲನ್ನು ಎತ್ತಬೇಕು. ಕೈಗಳು ಜೇಬಿನಲ್ಲಿ ಇರಬಾರದು. ಅದಕ್ಕಾಗಿ ಒಳ್ಳೆಯ ಕೈಗವಸು ಬೇಕು, ಏಕೆಂದರೆ ಕೈ ಚಳಿಗೆ ಜುಮುಗುಟ್ಟಿದಾಗ ಅದು ತಾನಾಗಿಯೇ ಜೇಬಿಗೆ ಹೋಗುತ್ತದೆ.

ಉಪ್ಪು ಹಾಕುವವರಿಗೂ ಒಂದು ಮಾತು. ಅಡುಗೆ ಉಪ್ಪಿನ ದ್ರಾವಣ ಎಷ್ಟೇ ಗಾಢವಾದರೂ ಸುಮಾರು ಮೈನಸ್ 21 ಡಿಗ್ರಿಗಿಂತ ಕೆಳಗೆ ದ್ರವವಾಗಿ ಉಳಿಯುವುದಿಲ್ಲ, ಬೀದಿಯಲ್ಲಂತೂ ಮೈನಸ್ 10ರ ಆಚೆಗೆ ಅದರ ಕೆಲಸ ತೀರ ನಿಧಾನವಾಗುತ್ತದೆ. ಅಂಥ ಚಳಿಯಲ್ಲಿ ರಾಶಿರಾಶಿ ಉಪ್ಪು ಸುರಿದರೆ ಮರದ ಬೇರು ಸುಡುತ್ತದೆ, ನಾಯಿಗಳ ಅಂಗಾಲು ಉರಿಯುತ್ತದೆ, ಜಾರುವುದು ತಪ್ಪುವುದಿಲ್ಲ. ಆಗ ಮರಳೇ ಸರಿ. ಅದು ಏನನ್ನೂ ಕರಗಿಸದಿದ್ದರೂ ಕಾಲಿಗೆ ಹಿಡಿತ ಕೊಡುತ್ತದೆ.

ನಿಮ್ಮ ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಅವುಗಳಲ್ಲಿ ಹಲವಕ್ಕೆ ಮೂಲ ಒಂದೇ. ಮಂಜುಗಡ್ಡೆಯ ಮೈಮೇಲೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ, ಕಣ್ಣಿಗೆ ಕಾಣದಷ್ಟು ತೆಳುವಾದ ದ್ರವದಂಥ ಪದರವೊಂದು ಇರುತ್ತದೆ. ಮೈಕೆಲ್ ಫ್ಯಾರಡೆ 1850ರಲ್ಲೇ, ಎರಡು ಮಂಜುಗಡ್ಡೆಗಳನ್ನು ಒಂದಕ್ಕೊಂದು ತಾಗಿಸಿದರೆ ಅವು ಅಂಟಿಕೊಳ್ಳುವುದನ್ನು ತೋರಿಸಿ ಈ ವಿಚಾರವನ್ನು ಮುಂದಿಟ್ಟರು. ಚಳಿ ಹೆಚ್ಚಿದಂತೆ ಪದರ ತೆಳುವಾಗುತ್ತದೆ. ಬೆಚ್ಚಗಿನ ದಿನ ಹೆಜ್ಜೆ ಸದ್ದು ಮಾಡದಿರುವುದರಲ್ಲೂ, ತುಳಿದ ಹಿಮ ಬೆಸೆದುಕೊಳ್ಳುವುದರಲ್ಲೂ, ಸೊನ್ನೆಯ ಹತ್ತಿರದ ಐಸ್ ಕಡುಚಳಿಯ ಐಸಿಗಿಂತ ಹೆಚ್ಚು ಜಾರುವುದರಲ್ಲೂ ಈ ಪದರದ ಪಾಲಿದೆ. ನೀವು ಬಿದ್ದ ಸಂಜೆ ಹೆಚ್ಚು ಚಳಿ ಇದ್ದಿರಲಾರದು ಎಂದು ನನ್ನ ಊಹೆ.

ಗುಬ್ಬಿಹೆಜ್ಜೆ

ನಾನು ಸೇರಿಸುವುದು ಸ್ವಲ್ಪವೇ. ಬೆಳಗಿನ ಹೊಸ ಹಿಮದ ಮೇಲೆ ಮನುಷ್ಯರು ಓಡಾಡುವ ಮುನ್ನ ಹೋದರೆ ರಾತ್ರಿ ಯಾರು ಬಂದಿದ್ದರೆಂದು ಓದಬಹುದು. ಗುಬ್ಬಿ ಕುಪ್ಪಳಿಸುವುದರಿಂದ ಅದರ ಗುರುತುಗಳು ಜೋಡಿಜೋಡಿಯಾಗಿರುತ್ತವೆ, ಪಾರಿವಾಳ ನಡೆಯುವುದರಿಂದ ಒಂದರ ಮುಂದೊಂದು. ಬೆಕ್ಕು ಮುಂಗಾಲು ಇಟ್ಟ ಕುಳಿಯಲ್ಲೇ ಹಿಂಗಾಲನ್ನೂ ಇಡುತ್ತದೆ, ಹಾಗಾಗಿ ಎರಡೇ ಕಾಲಿನ ಪ್ರಾಣಿ ಹೋದಂತೆ ಒಂದೇ ಗೆರೆ ಕಾಣುತ್ತದೆ.

ಬೀದಿಯ ತಿರುವುಗಳನ್ನೂ ಗಮನಿಸಿ. ಗಾಡಿಗಳ ಚಕ್ರ ತಾಗದ ಜಾಗದಲ್ಲಿ ಹಿಮ ಹಾಗೆಯೇ ಉಳಿದು, ರಸ್ತೆಯಲ್ಲಿ ಎಷ್ಟು ಭಾಗ ವಾಹನಗಳಿಗೆ ನಿಜವಾಗಿ ಬೇಕಿಲ್ಲ ಎಂಬುದನ್ನು ನಕ್ಷೆ ಬರೆದಂತೆ ತೋರಿಸುತ್ತದೆ. ನಗರ ಯೋಜನೆಯ ಬಗ್ಗೆ ಆಸಕ್ತಿ ಇರುವವರು ಇದನ್ನು ಸ್ನೆಕ್‌ಡೌನ್ ಎಂದು ಕರೆದು, ಅಲ್ಲಿ ಕಾಲುದಾರಿಯನ್ನು ಅಗಲಿಸಬೇಕೆಂದು ಕೇಳುತ್ತಾರೆ. ಆ ಬೇಡಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅದೇ ತಿರುವಿನಲ್ಲಿ, ಹಿಮ ಸರಿಸುವ ವಾಹನ ರಸ್ತೆಯನ್ನು ಚೊಕ್ಕಟ ಮಾಡಿ ದಾಟುವ ಜಾಗಕ್ಕೇ ಮೊಣಕಾಲೆತ್ತರದ ದಿಬ್ಬ ತಳ್ಳಿ ಹೋಗಿರುತ್ತದೆ. ನಾವು ಅದನ್ನು ಹಾರಿ ದಾಟುತ್ತೇವೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಬೀದಿ ಅಲ್ಲಿಗೇ ಮುಗಿಯುತ್ತದೆ. ಕಳೆದ ತಿಂಗಳು ಅಂಥ ದಿಬ್ಬದ ಮುಂದೆ ಒಬ್ಬರು ಹಿಂದಿರುಗಿ ಹೋಗುವುದನ್ನು ನೋಡಿದಂದಿನಿಂದ ನಾನು ಬೆಳಗಿನ ನಡಿಗೆಗೆ ಸಣ್ಣ ಗುದ್ದಲಿಯೊಂದನ್ನು ಒಯ್ಯುತ್ತಿದ್ದೇನೆ. ಗಾಲಿಕುರ್ಚಿ ಹೋಗುವಷ್ಟು ಅಗಲ ಬಿಡಿಸಲು ಹತ್ತು ನಿಮಿಷ ಸಾಕಾಗುತ್ತದೆ.

ಸಂಜೆನಡಿಗೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಇವುಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹೊರಟೆ, 40 ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು.

ಇಬ್ಬನಿಯವರ ಊಹೆ ಸರಿ, ಆ ಹೆಜ್ಜೆಗಳ ಸಾಲು ಗಾಳಿ ನೇರವಾಗಿ ಬೀಸುವ ಬಯಲಿನ ಅಂಚಿನಲ್ಲಿದೆ. ಅದೇ ಸಾಲು ಬೇಲಿಯ ಮರೆಗೆ ತಿರುಗಿದ ಕಡೆ ಹೆಜ್ಜೆಗಳು ಇನ್ನೂ ತಗ್ಗಾಗಿಯೇ ಉಳಿದಿವೆ. ಕೈಗವಸು ತೆಗೆದು ಒಂದು ಉಬ್ಬನ್ನು ಒತ್ತಿ ನೋಡಿದೆ. ಪಕ್ಕದ ಹಿಮದಲ್ಲಿ ಬೆರಳು ಸಲೀಸಾಗಿ ಇಳಿಯಿತು, ಹೆಜ್ಜೆಯ ಮೇಲೆ ಉಗುರಿನ ಗೀರು ಕೂಡ ಮೂಡಲಿಲ್ಲ. ಎಲೆಯ ಕುಳಿಗಳೂ ಸಿಕ್ಕವು, ಒಂದರ ತಳದಲ್ಲಿ ಎಲೆಯೇ ಇರಲಿಲ್ಲ. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಆಕಾರವನ್ನು ಮಾತ್ರ ಬಿಟ್ಟಿತ್ತು.

ಹಳೆಯ ಬೂಟು ಅವರೇ, ನಾನು ಬಿದ್ದ ಜಾಗಕ್ಕೂ ಹೋಗಿ ದೀಪದ ಎದುರು ನಿಂತು ಓರೆಯಾಗಿ ನೋಡಿದೆ. ಗುಡ್ಡೆಯ ಬುಡದಿಂದ ನಾಲಿಗೆಯಂತೆ ಹೊರಟ ಹೊಳಪು ಕಾಲುದಾರಿಯನ್ನು ಅಡ್ಡಲಾಗಿ ದಾಟಿ ಎದುರಿನ ಗೋಡೆಯವರೆಗೂ ಹೋಗಿತ್ತು. ಕಾಲುದಾರಿಯ ಇಳಿಜಾರು ಗೋಡೆಯ ಕಡೆಗೇ ಇದೆ, ಹಾಗಾಗಿ ರಸ್ತೆಯ ಬದಿಗೆ ಹಾಕಿದ ಹಿಮವೆಲ್ಲ ಕರಗಿ ನಡೆಯುವವರ ಕಾಲಡಿಗೇ ಬರುತ್ತಿದೆ. ಇಂದು ಬೆಳಗ್ಗೆ ಆ ಮನೆಯವರನ್ನು ಕೇಳಿಕೊಂಡು, ಇಬ್ಬರೂ ಸೇರಿ ಗುಡ್ಡೆಯನ್ನು ಗೋಡೆಯ ಬುಡಕ್ಕೆ ಸಾಗಿಸಿ, ಹೊಳೆಯುತ್ತಿದ್ದ ಜಾಗಕ್ಕೆ ಎರಡು ಹಿಡಿ ಮರಳು ಹಾಕಿ ಬಂದೆವು. ಸಂಜೆ ಅಲ್ಲಿ ನೀರು ಹರಿದಿದೆಯೋ ಇಲ್ಲವೋ ನೋಡಿ ನಾಳೆ ತಿಳಿಸುತ್ತೇನೆ.