ಅಪ್ಪನಿಗೆ ಮರೆತಿದೆ, ಅಣ್ಣನಿಗೆ ಮರೆತಿಲ್ಲ

ಪ್ರಶ್ನೆ:
ಅಪ್ಪನಿಗೆ 78 ವರ್ಷ. ಎರಡು ವರ್ಷದ ಹಿಂದೆ ಆಲ್‌ಝೈಮರ್ಸ್ ಅಂತ ಗೊತ್ತಾಯಿತು. ನೋಡಿಕೊಳ್ಳುವವಳು ನಾನೊಬ್ಬಳೇ. ಅಣ್ಣ ಮನೆ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಪರೀಕ್ಷೆಯಲ್ಲಿ ಫೇಲಾದಾಗ ಅಪ್ಪ ಅವನನ್ನು ಬೆಲ್ಟ್ ತೆಗೆದುಕೊಂಡು ಹೊಡೆದಿದ್ದರು. ಬಕಲ್ ತಗುಲಿದ ಗುರುತು ಹುಬ್ಬಿನ ಮೇಲೆ ಈಗಲೂ ಇದೆ. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಈಗ ಸಂಜೆಯಾದರೆ ಸಾಕು, ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾರೆ. ‘ಅವನು ಸ್ಕೂಲಿಂದ ಇನ್ನೂ ಬಂದಿಲ್ವಲ್ಲ, ಕತ್ತಲಾಯ್ತು’ ಅನ್ನುತ್ತಾರೆ. ಅಣ್ಣನಿಗೆ ಫೋನಲ್ಲಿ ಇದನ್ನು ಹೇಳಿದೆ. ‘ಅವರಿಗೆ ಮರ್ತಿರಬಹುದು, ನನಗೆ ಮರ್ತಿಲ್ಲ’ ಅಂದು ಫೋನ್ ಇಟ್ಟುಬಿಟ್ಟ. ಬಾ ಅಂತ ಒತ್ತಾಯ ಮಾಡಲಾ? ಸಾಲದ್ದಕ್ಕೆ ಈ ವಾರದಿಂದ, ಪರ್ಸ್ ಕದ್ದವಳು ನಾನೇ ಅಂತ ರಾತ್ರಿಯೆಲ್ಲ ಕೂಗಾಟ.

ಉತ್ತರ 1:
‘ಈ ವಾರದಿಂದ’ ಅಂದಿರಲ್ಲ, ಅದನ್ನು ಬಿಡಬೇಡಿ. ಈ ಕಾಯಿಲೆ ನಿಧಾನವಾಗಿ ಏರುವಂಥದ್ದು. ನಾಲ್ಕೇ ದಿನದಲ್ಲಿ ಗೊಂದಲ ಜಾಸ್ತಿಯಾದರೆ ಬೇರೆ ಕಾರಣ ಇರಬಹುದು: ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ. ನಮ್ಮಮ್ಮನಿಗೆ ಸೋಂಕಾದಾಗ ಜ್ವರವೇ ಇರಲಿಲ್ಲ, ಬರೀ ಕೂಗಾಟ. ಬೇಗ ಡಾಕ್ಟರಿಗೆ ತೋರಿಸಿ.

ಪರ್ಸ್ ವಿಷಯಕ್ಕೆ ವಾದ ಬೇಡ. ಅವರ ಜೊತೆ ನೀವೂ ಹುಡುಕಿ. ಅಮ್ಮನ ಕನ್ನಡಕ ಯಾವಾಗಲೂ ದಿಂಬಿನ ಕವರಿನೊಳಗೆ ಸಿಗುತ್ತಿತ್ತು! ಆಲ್‌ಝೈಮರ್ಸ್‌ನಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಇನ್ನಷ್ಟು ಕಾಲ ಇರುತ್ತದೆ. ಅವರ ಪಾಲಿಗೆ ನಿಮ್ಮಣ್ಣ ಇನ್ನೂ ಸ್ಕೂಲ್ ಹುಡುಗ. ತಿದ್ದಲು ಹೋಗಬೇಡಿ.

ಉತ್ತರ 2:
ನಾನು ನಿಮ್ಮಣ್ಣನ ಜಾಗದಲ್ಲಿದ್ದವನು. ಒತ್ತಾಯ ಮಾಡಬೇಡಿ. ತಂಗಿ ಅತ್ತಳು ಅಂತ ಹೋದೆ. ಅಪ್ಪ ನನ್ನನ್ನು ನೋಡಿ ‘ಕೂತ್ಕೊಳ್ಳಿ ಸಾರ್’ ಅಂದರು. ವರ್ಷಗಟ್ಟಲೆ ಮನಸ್ಸಲ್ಲೇ ಉರು ಹೊಡೆದಿದ್ದ ಜಗಳ. ಆಡೋಣ ಅಂದರೆ ಎದುರಿಗೆ ಆ ಮನುಷ್ಯನೇ ಇಲ್ಲ. ವಾಪಸ್ ಬರುವಾಗ ಸಿಟ್ಟೆಲ್ಲ ತಂಗಿಯ ಮೇಲೆ ತಿರುಗಿತು, ಪಾಪ.

‘ವಯಸ್ಸಾಗಿದೆ, ಕ್ಷಮಿಸಿಬಿಡು’ ಅಂತ ಮಾತ್ರ ಅನ್ನಬೇಡಿ. ಬಾಗಿಲ ಹಿಂದೆ ನಿಂತಿದ್ದೆ ಅಂತ ನಮಗೆ ಹೇಳಿದಿರಿ, ಅವನಿಗೆ ಹೇಳಿದ್ದೀರಾ? ಇನ್ನೊಂದು, ಬರುವುದು ಬೇರೆ, ಖರ್ಚು ಹಂಚಿಕೊಳ್ಳುವುದು ಬೇರೆ. ಎರಡನೆಯದನ್ನು ನೇರವಾಗಿ ಕೇಳಿ.

ಪ್ರಶ್ನೆ ಕೇಳಿದವಳು:
ಸೋಂಕೇ ಇತ್ತು. ಮಾತ್ರೆ ಶುರುವಾಗಿ ಐದು ದಿನ, ರಾತ್ರಿ ಮಲಗುತ್ತಿದ್ದಾರೆ. ಪರ್ಸ್ ಅವರದೇ ಶೂ ಒಳಗೆ ಸಿಕ್ಕಿತು.

ಅಣ್ಣನಿಗೆ ಮೆಸೇಜ್ ಹಾಕಿದೆ, ‘ನಾನು ಎಲ್ಲ ನೋಡಿದ್ದೆ, ಬಾಯಿ ಬಿಡಲಿಲ್ಲ’ ಅಂತ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಒಂದೇ ಸಾಲು ಬಂತು: ‘ತಿಂಗಳಿಗೆ ಎಷ್ಟು ಕಳಿಸಲಿ?’

ನಿನ್ನೆ ಸಂಜೆ ನಾನೂ ಅಪ್ಪನ ಪಕ್ಕ ಬಾಗಿಲಲ್ಲಿ ಕೂತೆ. ಯಾಕಿಷ್ಟು ಚಿಂತೆ ಅಂತ ಸುಮ್ನೆ ಕೇಳಿದೆ. ‘ಅವನಿಗೆ ಕತ್ತಲೆ ಅಂದ್ರೆ ಭಯ’ ಅಂದರು. ನನಗೇ ಗೊತ್ತಿರಲಿಲ್ಲ. ಇದನ್ನು ಅಣ್ಣನಿಗೆ ಹೇಳಬೇಕಾ, ಬೇಡವಾ?