ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿ: 56ಕ್ಕೇ ತಗೊಳ್ಳೋದಾ, 58ರ ತನಕ ಕಾಯೋದಾ?

ಪ್ರಶ್ನೆ:
56 ತುಂಬಿದೆ. 2006ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ, ಒಟ್ಟು 18 ವರ್ಷ ಪಿಎಫ್ ಕಟ್ಟಾಗಿದೆ. ಮೂಲ ವೇತನ ಉದ್ದಕ್ಕೂ ಪಿಂಚಣಿ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಗಿಂತ ಮೇಲಿತ್ತು. ಈಗ ಕೆಲಸದಲ್ಲಿಲ್ಲ. ಪಿಂಚಣಿ ಈಗಲೇ ಶುರು ಮಾಡಿದರೆ ಎಷ್ಟು ಖೋತಾ? 60ರ ತನಕ ತಡೆದರೆ ಲಾಭವಿದೆಯೇ?

ಉತ್ತರ 1:
10 ವರ್ಷ ಸೇವೆಯಾಗಿ ಕೆಲಸ ಬಿಟ್ಟವರು 50ರ ನಂತರ ಯಾವಾಗ ಬೇಕಾದರೂ ಕೇಳಬಹುದು. 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ ಶೇ 4 ಕಡಿತ, ನಿಮಗೆ ಶೇ 8. 58 ಆದಮೇಲೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಕಡಿತ ಕೊನೆಯವರೆಗೂ ಇರುತ್ತದೆ. ಸೂತ್ರ: ವೇತನ × ಸೇವೆ ÷ 70. ಅಂದರೆ 15,000 × 18 ÷ 70 = 3,857 ರೂ.

ಉತ್ತರ 2:
ಕಡಿತದ ಮಾತು ಸರಿ, 3,857 ತಪ್ಪು. 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ರಿಂದ. ಅದರ ಹಿಂದಿನ ಸೇವೆಗೆ 6,500 ಹಿಡಿಯಬೇಕು. ಮೊದಲ 8 ವರ್ಷಕ್ಕೆ 743, ಆಮೇಲಿನ 10 ವರ್ಷಕ್ಕೆ 2,143, ಕೂಡಿದರೆ 2,886. ಬಹಳ ಜನ ಎಡವುವುದು ಇಲ್ಲೇ.

ಈಗಲೇ ತಗೊಂಡರೆ ಸುಮಾರು 2,655. ತಿಂಗಳಿಗೆ 231 ನಷ್ಟ, ಆದರೆ 24 ತಿಂಗಳಲ್ಲಿ 63,720 ಕೈಗೆ ಬಂದಿರುತ್ತದೆ. ಆ ಮೊತ್ತವನ್ನು 231ರಂತೆ ತೀರಿಸಲು 276 ತಿಂಗಳು, ಅಂದರೆ 81ನೇ ವಯಸ್ಸು. ಬಡ್ಡಿ ಸೇರಿಸಿದರೆ ಇನ್ನೂ ಮುಂದೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಹಾಗಾಗಿ ಕಾಯುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. 60ರ ತನಕ ತಡೆದರೂ ವರ್ಷಕ್ಕೆ ಶೇ 4 ಏರಿಕೆ ಅಷ್ಟೇ; 58ಕ್ಕೆ ತಗೊಳ್ಳುವುದಕ್ಕೆ ಹೋಲಿಸಿದರೆ ಅದು ಸರಿದೂಗುವಷ್ಟರಲ್ಲಿ 84 ದಾಟಿರುತ್ತದೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ: ನಿಮ್ಮ ನಂತರ ಸಂಗಾತಿಗೆ ಸಿಗುವುದು ನೀವು ಪಡೆಯುತ್ತಿದ್ದುದರ ಅರ್ಧ. ಅಂದರೆ ಕಡಿತ ಅವರಿಗೂ ತಟ್ಟುತ್ತದೆ.

ಉತ್ತರ 3:
ಮತ್ತೆ ಪಿಎಫ್ ಇರುವ ಕೆಲಸಕ್ಕೆ ಸೇರುವ ಯೋಚನೆಯಿದ್ದರೆ ಈ ಲೆಕ್ಕವೇ ಬೇರೆ. 58ರೊಳಗೆ ಇನ್ನೆರಡು ವರ್ಷ ದುಡಿದರೆ 429 ಸೇರುತ್ತದೆ, 20 ವರ್ಷ ತುಂಬಿದ್ದಕ್ಕೆ 2 ವರ್ಷದ ಬೋನಸ್ ಸೇವೆಯೂ ಸಿಗುತ್ತದೆ. ಹಾಗಿದ್ದರೆ ಈಗ ಅರ್ಜಿ ಹಾಕಬೇಡಿ, ಫಾರಂ 10ಸಿಯಲ್ಲಿ ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆಯನ್ನು ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳುವ ದಾಖಲೆ) ಮಾಡಿಸಿಡಿ.

ಇಲ್ಲವಾದರೆ ಪಿಂಚಣಿಗೆ ಅರ್ಜಿ ಹಾಕುವ ಫಾರಂ 10ಡಿ. ಕಡಿತದ ಪಿಂಚಣಿ ಯಾವ ದಿನಾಂಕದಿಂದ ಬೇಕು ಎಂಬ ಕಲಂ ತುಂಬುವುದು ಮರೆಯಬೇಡಿ. ಹಾಕುವ ಮುಂಚೆ ಪಿಎಫ್ ಪೋರ್ಟಲ್‌ನಲ್ಲಿ ಸೇವಾ ವಿವರ ತೆಗೆದು ನೋಡಿ: ಹಳೆಯ ಮೆಂಬರ್ ಐಡಿಗಳು (ಒಂದೊಂದು ಕಂಪನಿಯ ಪಿಎಫ್ ಖಾತೆ ಸಂಖ್ಯೆ) ಈಗಿನದಕ್ಕೆ ವರ್ಗವಾಗಿವೆಯಾ, ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕವೇ ಅಲ್ಲೂ ಇದೆಯಾ. ಹೆಚ್ಚುಕಮ್ಮಿಯಾದರೆ ಅರ್ಜಿ ವಾಪಸ್ ಬರಬಹುದು.

ಪ್ರಶ್ನೆ ಕೇಳಿದವರು:
ನೋಡಿದೆ. ಕೊನೆಯ ಕಂಪನಿಯ ಸಾಲಿನಲ್ಲಿ ಬಿಟ್ಟ ದಿನಾಂಕ ಖಾಲಿ ಇದೆ.

ಉತ್ತರ 3:
ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದಿದ್ದರೆ ನೀವೇ ತುಂಬಬಹುದು. ‘ಮ್ಯಾನೇಜ್’ ಅಡಿಯಲ್ಲಿ ‘ಮಾರ್ಕ್ ಎಕ್ಸಿಟ್’, ಆಧಾರ್ ಒಟಿಪಿ, ಅಷ್ಟೇ. ದಿನಾಂಕ ಕೊನೆಯ ವಂತಿಗೆಯ ತಿಂಗಳಿನದ್ದೇ ಆಗಿರಲಿ. ಒಮ್ಮೆ ಹಾಕಿದ ಮೇಲೆ ತಿದ್ದಿಸುವುದು ಸುಲಭವಲ್ಲ, ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ತುಂಬಿ.